ಲೂಪಿನಲ್ಲಿ ಸಿಕ್ಕಿಕೊಂಡ ಗಾಳಿ: ಕಂಪ್ಯೂಟರಿನ ವಾಟರ್ ಕೂಲಿಂಗ್‌ನಿಂದ ಅದನ್ನು ಹೊರಗೆ ಕಳಿಸುವುದು ಹೇಗೆ?

ಗ್ರಾಫಿಕ್ಸ್ ಕಾರ್ಡುಗಳ ಬಿಸಿ ವರ್ಷದಿಂದ ವರ್ಷಕ್ಕೆ ಏರುತ್ತಲೇ ಇದೆ. 2022ರಲ್ಲಿ ಬಂದ ಎನ್‌ವಿಡಿಯಾ ಆರ್‌ಟಿಎಕ್ಸ್ 4090 ಕಾರ್ಡಿಗೆ 450 ವ್ಯಾಟ್ ಬೇಕಿತ್ತು. 2025ರ ಆರ್‌ಟಿಎಕ್ಸ್ 5090 ಕಾರ್ಡಿಗೆ 575 ವ್ಯಾಟ್ ಬೇಕು. ಇಂಟೆಲ್‌ನ ಕೋರ್ ಐ9-14900ಕೆ ಪ್ರೊಸೆಸರ್ ಒಂದೇ 253 ವ್ಯಾಟ್‌ವರೆಗೆ ಎಳೆಯಬಲ್ಲದು. ಎಳೆದುಕೊಂಡ ವಿದ್ಯುತ್ತೆಲ್ಲ ಕೊನೆಗೆ ಬಿಸಿಯಾಗಿಯೇ ಹೊರಬರಬೇಕು. ಹೀಗಾಗಿ ವಿಡಿಯೊ ಎಡಿಟಿಂಗ್, ತ್ರೀಡಿ ಕೆಲಸ, ಮನೆಯ ಕಂಪ್ಯೂಟರಿನಲ್ಲೇ ಎಐ ಮಾದರಿಗಳನ್ನು ಓಡಿಸುವುದು, ಇಂಥದ್ದಕ್ಕೆ ಕೈಹಾಕಿದವರು ನೀರಿನಿಂದ ತಂಪು ಮಾಡುವ ವ್ಯವಸ್ಥೆಯತ್ತ ಹೊರಳುತ್ತಿದ್ದಾರೆ. ಇವರಲ್ಲಿ ಬಹಳ ಮಂದಿ ಹಿಂದೆಂದೂ ಪೈಪು, ಪಂಪುಗಳ ಸಹವಾಸ ಮಾಡಿದವರಲ್ಲ.

ಎಲ್ಲವನ್ನೂ ಜೋಡಿಸಿ, ನೀರು ತುಂಬಿಸಿ, ಪಂಪ್ ಚಾಲೂ ಮಾಡಿದ ಕೂಡಲೇ ಅವರಿಗೆ ಎದುರಾಗುವ ಮೊದಲ ಗಾಬರಿ ಗಾಳಿಯದು. ಟ್ಯೂಬಿನ ತುಂಬ ಗುಳ್ಳೆ, ಒಳಗೆಲ್ಲೋ ಗುಳುಗುಳು ಸದ್ದು, ಪಂಪಿನಿಂದ ಕರಕರ ಶಬ್ದ. ಏನೋ ಕೆಟ್ಟುಹೋಗಿದೆ ಎಂದುಕೊಳ್ಳುತ್ತಾರೆ. ಬಹುಪಾಲು ಏನೂ ಕೆಟ್ಟಿರುವುದಿಲ್ಲ. ಒಳಗಿನ ಗಾಳಿಗೆ ಹೊರಬರಲು ದಾರಿಯೂ ಸಮಯವೂ ಸಿಕ್ಕಿರುವುದಿಲ್ಲ, ಅಷ್ಟೆ. ಈ ಗಾಳಿ ತೆಗೆಯುವ ಕೆಲಸಕ್ಕೆ ಬ್ಲೀಡಿಂಗ್ ಎನ್ನುತ್ತಾರೆ.

## ಲೂಪಿನಲ್ಲಿ ಏನೇನಿರುತ್ತದೆ

ನೀರು ಸುತ್ತಿ ಸುತ್ತಿ ಹೊರಟಲ್ಲಿಗೇ ಬರುವ ಮುಚ್ಚಿದ ದಾರಿಯೇ ಲೂಪ್. ಸಿಪಿಯು ಅಥವಾ ಗ್ರಾಫಿಕ್ಸ್ ಚಿಪ್ಪಿನ ಮೇಲೆ ಕೂರುವ ಲೋಹದ ತುಂಡು ವಾಟರ್ ಬ್ಲಾಕ್. ಅದರ ಒಳಗೆ ಕೂದಲೆಳೆಯಷ್ಟು ತೆಳುವಾದ ತಾಮ್ರದ ಹಲ್ಲುಗಳು ಸಾಲಾಗಿರುತ್ತವೆ. ನೀರು ಅವುಗಳ ಸಂದಿಯಲ್ಲಿ ಹರಿದು ಬಿಸಿಯನ್ನು ಹೀರುತ್ತದೆ. ಆ ಬಿಸಿನೀರು ಟ್ಯೂಬಿನ ಮೂಲಕ ರೇಡಿಯೇಟರ್‌ಗೆ ಹೋಗುತ್ತದೆ. ಅಲ್ಲಿ ಫ್ಯಾನುಗಳು ಬೀಸುವ ಗಾಳಿಗೆ ಬಿಸಿಯನ್ನು ಒಪ್ಪಿಸಿ ಮರಳುತ್ತದೆ. ನೀರನ್ನು ಓಡಿಸುವುದು ಪಂಪ್. ಪಂಪಿನ ಬಾಯಿಗೆ ಸದಾ ನೀರು ಒದಗಿಸುವ ಪುಟ್ಟ ತೊಟ್ಟಿ ರಿಸರ್ವಾಯರ್. ಸಾಮಾನ್ಯವಾಗಿ ಪಾರದರ್ಶಕ ಕೊಳವೆಯ ಆಕಾರದ್ದು. ನೀರು ಸುರಿಯುವುದು ಇದರ ತಲೆಯಲ್ಲಿರುವ ಮುಚ್ಚಳ ತೆಗೆದು. ಒಳಗೆ ಹರಿಯುವ ದ್ರವವನ್ನು ಕೂಲಂಟ್ ಎನ್ನುತ್ತಾರೆ: ಡಿಸ್ಟಿಲ್ಡ್ ವಾಟರ್, ಜೊತೆಗೆ ತುಕ್ಕು, ಪಾಚಿ ತಡೆಯುವ ರಾಸಾಯನಿಕಗಳು. ಈ ಲೇಖನದಲ್ಲಿ ಸರಳವಾಗಿ ನೀರು ಎಂದೇ ಕರೆಯುತ್ತೇನೆ.

ಭಾಗಗಳ ಕ್ರಮದಲ್ಲಿ ಮುಖ್ಯವಾದದ್ದು ಒಂದೇ. ರಿಸರ್ವಾಯರ್ ಪಂಪಿಗಿಂತ ಮೊದಲು, ಅದರ ಪಕ್ಕದಲ್ಲೇ, ಅದಕ್ಕಿಂತ ಎತ್ತರದಲ್ಲಿರಬೇಕು. ಉಳಿದವು ಹೆಚ್ಚು ಕಡಿಮೆ ಯಾವ ಸಾಲಿನಲ್ಲಿದ್ದರೂ ನಡೆಯುತ್ತದೆ.

## ಸ್ವಲ್ಪ ಗಾಳಿ ಇದ್ದರೆ ಏನು ಕೇಡು?

ಮೊದಲ ಕೇಡು ಬಿಸಿಗೆ ಸಂಬಂಧಿಸಿದ್ದು. ಅಷ್ಟೇ ಗಾತ್ರದ ನೀರು ಮತ್ತು ಗಾಳಿಯನ್ನು ಹೋಲಿಸಿದರೆ, ಒಂದೊಂದು ಡಿಗ್ರಿ ಏರಲು ನೀರು ಗಾಳಿಗಿಂತ ಸುಮಾರು 3,500 ಪಟ್ಟು ಹೆಚ್ಚು ಬಿಸಿ ಹೀರಿಕೊಳ್ಳುತ್ತದೆ. ಬಿಸಿಯನ್ನು ದಾಟಿಸುವ ಗುಣದಲ್ಲೂ ನೀರು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಮುಂದೆ. ಬ್ಲಾಕಿನ ಹಲ್ಲುಗಳ ಸಂದಿಯಲ್ಲಿ ಗುಳ್ಳೆ ಕೂತರೆ ಅಷ್ಟು ಜಾಗದ ತಾಮ್ರ ಕೆಲಸಕ್ಕೆ ಬಾರದಂತಾಗುತ್ತದೆ. ಚಿಪ್ಪಿನ ಬಿಸಿ ಉತ್ಪತ್ತಿಯಾಗುವುದು ಬಹಳ ಚಿಕ್ಕ ಜಾಗದಲ್ಲಿ. ಅದರ ನೇರ ಮೇಲೆಯೇ ಗುಳ್ಳೆ ಕೂತಿದ್ದರೆ ಉಷ್ಣಾಂಶ ಥಟ್ಟನೆ ಏರುತ್ತದೆ.

ಎರಡನೆಯದು ಹರಿವಿನದು. 500 ವ್ಯಾಟ್ ಬಿಸಿಯನ್ನು ನಿಮಿಷಕ್ಕೆ 4 ಲೀಟರ್ ಹರಿಯುವ ನೀರು ಹೊತ್ತೊಯ್ದರೆ, ಆ ನೀರು ಬಿಸಿಯಾಗುವುದು 2 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ. ಗಾಳಿ ಅಡ್ಡಬಂದು ಹರಿವು ನಿಮಿಷಕ್ಕೆ ಅರ್ಧ ಲೀಟರಿಗೆ ಇಳಿದರೆ ಅದೇ ನೀರು 14 ಡಿಗ್ರಿ ಬಿಸಿಯಾಗಬೇಕಾಗುತ್ತದೆ.

ಮೂರನೆಯದೇ ನಿಜವಾದ ಅಪಾಯ, ಪಂಪಿನದು. ಈ ವ್ಯವಸ್ಥೆಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಡಿ5, ಡಿಡಿಸಿ ಮಾದರಿಯ ಪಂಪುಗಳ ಬೇರಿಂಗಿಗೆ ಎಣ್ಣೆ ಇಲ್ಲ. ಒಳಗೆ ಹರಿಯುವ ನೀರೇ ಅದನ್ನು ಜಾರುವಂತೆ ಇಡುತ್ತದೆ, ತಂಪಾಗಿಯೂ ಇಡುತ್ತದೆ. ನೀರಿಲ್ಲದೆ ತಿರುಗಿದರೆ ಬೇರಿಂಗ್ ಸವೆಯುತ್ತದೆ. ಆಮೇಲೆ ಎಷ್ಟೇ ಗಾಳಿ ತೆಗೆದರೂ ಆ ಕರಕರ ಹೋಗುವುದಿಲ್ಲ.

ಪಂಪ್ ಗಾಳಿಯನ್ನು ತಾನೇ ತಳ್ಳಿಬಿಡಬಾರದೇಕೆ ಎಂಬ ಪ್ರಶ್ನೆ ಸಹಜ. ಇದರೊಳಗಿನ ಚಕ್ರ ನೀರನ್ನು ಸುತ್ತಿಸಿ ಹೊರಕ್ಕೆ ಎಸೆಯುತ್ತದೆ. ಎಸೆತದ ಬಲ ಎಸೆಯುವ ವಸ್ತುವಿನ ತೂಕದ ಮೇಲೆ ನಿಂತಿದೆ. ಗಾಳಿ ನೀರಿಗಿಂತ ಸುಮಾರು 800 ಪಟ್ಟು ಹಗುರ. ಡಿ5 ಪಂಪ್ ನೀರನ್ನು ಹೆಚ್ಚೆಂದರೆ ಸುಮಾರು 4 ಮೀಟರ್ ಎತ್ತರಕ್ಕೆ ತಳ್ಳಬಲ್ಲದು. ಅದೇ ಪಂಪಿನ ಹೊಟ್ಟೆಯಲ್ಲಿ ಬರೀ ಗಾಳಿ ತುಂಬಿದ್ದರೆ 5 ಮಿಲಿಮೀಟರ್ ನೀರನ್ನು ಎಳೆಯುವ ಬಲವೂ ಅದಕ್ಕಿಲ್ಲ. ಹೊಲದ ಪಂಪ್‌ಸೆಟ್ಟಿನಿಂದ ಹಿಡಿದು ಕಾರಿನ ರೇಡಿಯೇಟರ್‌ವರೆಗೆ ಜನ ಏರ್ ಲಾಕ್ ಎಂದು ಕರೆಯುವುದು ಈ ಸ್ಥಿತಿಯನ್ನೇ.

## ಗಾಳಿ ಬರುವುದೆಲ್ಲಿಂದ, ಕೂರುವುದೆಲ್ಲಿ

ಬಹುಪಾಲು ಗಾಳಿ ಹೊರಗಿನಿಂದ ಬಂದದ್ದೇ ಅಲ್ಲ. ಲೂಪ್ ಖಾಲಿಯಿದ್ದಾಗ ಅದರ ತುಂಬ ಇದ್ದದ್ದು ಗಾಳಿಯೇ. ನೀರು ಸುರಿದಾಗ ಸ್ವಲ್ಪ ಹೊರಬರುತ್ತದೆ, ಉಳಿದದ್ದು ಸಿಕ್ಕಿಕೊಳ್ಳುತ್ತದೆ.

ಇನ್ನೊಂದು ಮೂಲ ಕಣ್ಣಿಗೆ ಕಾಣುವುದಿಲ್ಲ. 20 ಡಿಗ್ರಿಯ ಒಂದು ಲೀಟರ್ ನೀರಿನಲ್ಲಿ ಸುಮಾರು 19 ಮಿಲಿಲೀಟರ್ ಗಾಳಿ ಕರಗಿರಬಲ್ಲದು. ನೀರು 40 ಡಿಗ್ರಿಗೆ ಏರಿದಾಗ ಅದು ಹಿಡಿದಿಟ್ಟುಕೊಳ್ಳುವುದು ಸುಮಾರು 14 ಮಿಲಿಲೀಟರ್ ಮಾತ್ರ. ಉಳಿದ ಗಾಳಿ ಸಣ್ಣ ಸಣ್ಣ ಗುಳ್ಳೆಗಳಾಗಿ ಟ್ಯೂಬಿನ ಒಳಗೋಡೆಗೆ ಅಂಟಿಕೊಳ್ಳುತ್ತದೆ. ಮೊದಲ ದಿನ ಎಲ್ಲವನ್ನೂ ತೆಗೆದಾಯಿತು ಎಂದುಕೊಂಡಿದ್ದವರು, ಕಂಪ್ಯೂಟರಿಗೆ ಭಾರದ ಕೆಲಸ ಕೊಟ್ಟ ಮೇಲೆ ಮತ್ತೆ ಗುಳ್ಳೆ ಕಂಡು ಲೀಕ್ ಇರಬಹುದೆಂದು ಹೆದರುವುದುಂಟು. ಲೀಕ್ ಅಲ್ಲ, ನೀರು ತನ್ನೊಳಗೆ ಕರಗಿದ್ದ ಗಾಳಿಯನ್ನು ಬಿಟ್ಟುಕೊಡುತ್ತಿದೆ.

ಮೂರನೆಯದು ನಾವೇ ಮಾಡಿಕೊಳ್ಳುವಂಥದ್ದು. ರಿಸರ್ವಾಯರಿನಲ್ಲಿ ನೀರಿನ ಮಟ್ಟ ಕಡಿಮೆಯಿದ್ದರೆ ಪಂಪ್ ಎಳೆಯುವ ರಭಸಕ್ಕೆ ಸುಳಿ ಎದ್ದು ಮೇಲಿನ ಗಾಳಿ ನೇರ ಪಂಪಿನ ಬಾಯಿಗೆ ಇಳಿಯುತ್ತದೆ. ಮರಳಿ ಬರುವ ನೀರು ಮಟ್ಟಕ್ಕಿಂತ ಮೇಲಿನಿಂದ ಧುಮುಕುತ್ತಿದ್ದರೂ ಹೀಗೆಯೇ: ಪ್ರತಿ ಸುತ್ತಿನಲ್ಲೂ ಹೊಸ ಗುಳ್ಳೆಗಳು ನೀರಿನೊಳಗೆ ಸೇರುತ್ತವೆ. ಈ ಎರಡೂ ಸರಿಯಾಗದೆ ಎಷ್ಟು ದಿನ ಕಾದರೂ ಲೂಪ್ ತಿಳಿಯಾಗದು. ಮರಳುವ ಬಾಯಿ ನೀರಿನ ಮಟ್ಟದ ಕೆಳಗೆ ಮುಳುಗಿರಬೇಕು. ಕೆಲವು ರಿಸರ್ವಾಯರುಗಳ ತಳದಲ್ಲಿ ಸುಳಿ ತಡೆಯಲೆಂದೇ ಅಡ್ಡ ತಗಡು ಇರುತ್ತದೆ, ಅದನ್ನು ಕಿತ್ತಿಡಬೇಡಿ.

ಕೂರುವ ಜಾಗಗಳೂ ಊಹಿಸಬಹುದಾದವೇ. ಬೋರಲು ಮಾಡಿದ ಲೋಟವನ್ನು ನೀರು ತುಂಬಿದ ಬಕೆಟ್ಟಿನಲ್ಲಿ ಅದುಮಿದರೆ ಒಳಗಿನ ಗಾಳಿ ಅಲ್ಲೇ ನಿಲ್ಲುತ್ತದೆ. ಎಷ್ಟು ಆಳಕ್ಕೆ ಅದುಮಿದರೂ ಹೊರಗೆ ಬರುವುದಿಲ್ಲ. ಲೋಟವನ್ನು ಒಂದಿಷ್ಟು ವಾಲಿಸಿ, ಬುಳಕ್ಕನೆ ಎದ್ದುಹೋಗುತ್ತದೆ. ಲೂಪಿನಲ್ಲಿ ಬೋರಲು ಲೋಟದಂಥ ಜಾಗಗಳು ಹಲವು. ಟ್ಯೂಬುಗಳು ಕೆಳಗೆ ಬರುವಂತೆ ನಿಲ್ಲಿಸಿದ ರೇಡಿಯೇಟರಿನ ಮೇಲ್ತುದಿ, ಮೇಲೆ ಏರಿ ಬಾಗಿ ಮತ್ತೆ ಇಳಿಯುವ ಟ್ಯೂಬಿನ ನೆತ್ತಿ, ಗ್ರಾಫಿಕ್ಸ್ ಕಾರ್ಡಿನ ಬ್ಲಾಕಿನಲ್ಲಿ ನೀರು ಹೊರಹೋಗುವ ತೂತಿಗಿಂತ ಮೇಲೆ ಉಳಿಯುವ ಮೂಲೆ.

ರೇಡಿಯೇಟರಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಅತಿ ಹೆಚ್ಚು ಗಾಳಿ ಅಡಗುವುದು ಅಲ್ಲಿಯೇ. ಅದರ ಎರಡು ತುದಿಗಳಲ್ಲಿ ಪುಟ್ಟ ತೊಟ್ಟಿಗಳು, ನಡುವೆ ಪಕ್ಕಪಕ್ಕದಲ್ಲಿ ಹಲವು ಚಪ್ಪಟೆ ಕೊಳವೆಗಳು. ಒಂದು ಕೊಳವೆಯಲ್ಲಿ ಗುಳ್ಳೆ ಸಿಕ್ಕಿಕೊಂಡರೆ ನೀರು ಅದರೊಂದಿಗೆ ಗುದ್ದಾಡುವುದಿಲ್ಲ, ಪಕ್ಕದ ಕೊಳವೆ ಹಿಡಿದು ಹೋಗಿಬಿಡುತ್ತದೆ. ಗುಳ್ಳೆಯ ಎರಡೂ ಬದಿಯ ಒತ್ತಡ ಹೆಚ್ಚು ಕಡಿಮೆ ಸಮವಾಗಿಯೇ ಉಳಿಯುವುದರಿಂದ ಅದಕ್ಕೆ ಅಲುಗುವ ಕಾರಣವೇ ಇಲ್ಲ. ಬ್ಲಾಕಿನ ಹಲ್ಲುಗಳ ನಡುವೆಯೂ ಇದೇ ಕಥೆ. ಅಲ್ಲಿ ಸಂದಿಗಳು ಇನ್ನೂ ಕಿರಿದು, ನೀರಿನ ಮೇಲ್ಮೈ ಸೆಳೆತ ಗುಳ್ಳೆಯನ್ನು ಇನ್ನೂ ಬಿಗಿಯಾಗಿ ಹಿಡಿದಿರುತ್ತದೆ.

## ಗುಳ್ಳೆಯ ವೇಗ, ನೀರಿನ ವೇಗ

ಇಡೀ ವಿಷಯದ ಬೀಗದ ಕೈ ಇಲ್ಲಿದೆ. ಗುಳ್ಳೆ ಹೊರಬೀಳಬೇಕಾದರೆ, ನೀರು ಅದನ್ನು ಎಳೆದೊಯ್ಯುವ ವೇಗಕ್ಕಿಂತ ಅದು ಮೇಲೇರುವ ವೇಗ ಹೆಚ್ಚಾಗಿರುವ ಒಂದು ಜಾಗ ಲೂಪಿನಲ್ಲಿ ಇರಬೇಕು. ಆ ಜಾಗ ರಿಸರ್ವಾಯರ್.

ಲೆಕ್ಕ ಹಾಕಿ ನೋಡೋಣ. ಟ್ಯೂಬಿನ ಒಳವ್ಯಾಸ 10 ಮಿಲಿಮೀಟರ್, ಹರಿವು ನಿಮಿಷಕ್ಕೆ 4 ಲೀಟರ್ ಎಂದಿಟ್ಟುಕೊಳ್ಳಿ. ಟ್ಯೂಬಿನಲ್ಲಿ ನೀರು ಸೆಕೆಂಡಿಗೆ ಸುಮಾರು 85 ಸೆಂಟಿಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ಈ ಓಟದ ಮುಂದೆ ಯಾವ ಗುಳ್ಳೆಯೂ ನಿಲ್ಲದು. ನೀರು ಕೆಳಮುಖವಾಗಿ ಹೋಗುತ್ತಿದ್ದರೂ ಗುಳ್ಳೆ ಅದರ ಜೊತೆಗೇ ಇಳಿಯುತ್ತದೆ. ಅದೇ ನೀರು 60 ಮಿಲಿಮೀಟರ್ ವ್ಯಾಸದ ರಿಸರ್ವಾಯರಿಗೆ ಬಂದಾಗ ದಾರಿ 36 ಪಟ್ಟು ಅಗಲವಾಗುತ್ತದೆ. ವೇಗ ಸರಾಸರಿ ಸೆಕೆಂಡಿಗೆ 2.4 ಸೆಂಟಿಮೀಟರಿಗೆ ಇಳಿಯುತ್ತದೆ.

ಇನ್ನು ಗುಳ್ಳೆಗಳ ಕಡೆ. ಒಂದು ಮಿಲಿಮೀಟರ್ ಗಾತ್ರದ ಗುಳ್ಳೆ ನಿಂತ ನೀರಿನಲ್ಲಿ ಸೆಕೆಂಡಿಗೆ 10 ಸೆಂಟಿಮೀಟರ್ ಅಥವಾ ಅದಕ್ಕೂ ಹೆಚ್ಚು ಏರುತ್ತದೆ, ಹಾಗಾಗಿ ರಿಸರ್ವಾಯರಿಗೆ ಬಂದ ಕೂಡಲೇ ಪಾರಾಗುತ್ತದೆ. 0.1 ಮಿಲಿಮೀಟರಿನ ಗುಳ್ಳೆ ಏರುವುದು ಸೆಕೆಂಡಿಗೆ ಅರ್ಧ ಸೆಂಟಿಮೀಟರ್ ಮಾತ್ರ. ಅದು ಮೇಲೇರಲು ಹೆಣಗುತ್ತಿರುವಾಗಲೇ ನೀರು ಅದನ್ನು ಕೆಳಕ್ಕೆಳೆದು ಮತ್ತೆ ಪಂಪಿಗೆ ಒಪ್ಪಿಸುತ್ತದೆ. ಇಷ್ಟು ಸಣ್ಣ ಗುಳ್ಳೆಗಳಲ್ಲಿ ಗಾತ್ರ ಅರ್ಧವಾದರೆ ಏರುವ ವೇಗ ನಾಲ್ಕನೇ ಒಂದು ಭಾಗಕ್ಕೆ ಕುಸಿಯುತ್ತದೆ. ದೊಡ್ಡ ಗುಳ್ಳೆಗಳು ಗಂಟೆಯೊಳಗೆ ಮಾಯವಾದರೂ ಸಣ್ಣವು ದಿನಗಟ್ಟಲೆ ಸುತ್ತುತ್ತಲೇ ಇರುವುದು ಇದರಿಂದಲೇ. ಅವು ಒಂದಕ್ಕೊಂದು ಕೂಡಿ ದೊಡ್ಡವಾಗುವವರೆಗೆ, ಇಲ್ಲವೇ ಪಂಪ್ ನಿಂತು ನೀರು ತಂಗುವವರೆಗೆ, ಅವುಗಳಿಗೆ ಬಿಡುಗಡೆಯಿಲ್ಲ.

ಪಂಪಿನ ವೇಗ ಇಳಿಸಿ ಹರಿವನ್ನು ನಿಮಿಷಕ್ಕೆ 2 ಲೀಟರ್ ಮಾಡಿದರೆ ರಿಸರ್ವಾಯರಿನಲ್ಲಿ ನೀರಿನ ವೇಗವೂ ಅರ್ಧವಾಗುತ್ತದೆ, ಸೆಕೆಂಡಿಗೆ 1.2 ಸೆಂಟಿಮೀಟರ್. ಈಗ 0.2 ಮಿಲಿಮೀಟರಿನ ಗುಳ್ಳೆಯೂ ತಪ್ಪಿಸಿಕೊಳ್ಳಬಲ್ಲದು. ಆದರೆ ಹರಿವು ನಿಧಾನವಾದರೆ ಟ್ಯೂಬಿನ ನೆತ್ತಿಯಲ್ಲೋ ರೇಡಿಯೇಟರಿನ ತಲೆಯಲ್ಲೋ ಕೂತಿರುವ ದೊಡ್ಡ ಗಾಳಿ ಕದಲುವುದಿಲ್ಲ. ಅದನ್ನು ಕೀಳಲು ರಭಸ ಬೇಕು. ಹೀಗೆ ಬ್ಲೀಡಿಂಗ್ ಎನ್ನುವುದು ಎರಡು ವಿರುದ್ಧ ಕೆಲಸಗಳ ಜೋಡಿ: ಸಿಕ್ಕಿಕೊಂಡದ್ದನ್ನು ಕಿತ್ತು ತರಲು ವೇಗ, ತಂದದ್ದನ್ನು ಬಿಟ್ಟುಕೊಡಲು ನಿಧಾನ. ಪಂಪನ್ನು ಒಂದೇ ಸಮನೆ ಪೂರ್ತಿ ವೇಗದಲ್ಲಿ ಓಡಿಸಿ ಗಾಳಿ ಹೋಗಲೇ ಇಲ್ಲ ಎನ್ನುವವರು ಎರಡನೆಯ ಅರ್ಧವನ್ನು ಬಿಟ್ಟಿರುತ್ತಾರೆ.

## ಮೊದಲ ಸಲ ನೀರು ತುಂಬುವಾಗ

ನೀರು ಹಾಕುವ ಹೊತ್ತಿನಲ್ಲಿ ಕಂಪ್ಯೂಟರ್ ಚಾಲೂ ಇರಬಾರದು, ಪಂಪ್ ಮಾತ್ರ ತಿರುಗಬೇಕು. ಪವರ್ ಸಪ್ಲೈನಿಂದ ಮದರ್‌ಬೋರ್ಡ್, ಸಿಪಿಯು, ಗ್ರಾಫಿಕ್ಸ್ ಕಾರ್ಡಿಗೆ ಹೋಗುವ ಎಲ್ಲ ಕೇಬಲ್ ಕಳಚಿ, ಪಂಪಿನದೊಂದನ್ನೇ ಉಳಿಸಬೇಕು. ಮದರ್‌ಬೋರ್ಡ್ ಇಲ್ಲದೆ ಪವರ್ ಸಪ್ಲೈ ತಾನಾಗಿ ಏಳುವುದಿಲ್ಲ. 24 ಪಿನ್ನಿನ ದೊಡ್ಡ ಕನೆಕ್ಟರಿಗೆ ಸಿಕ್ಕಿಸುವ ಜಂಪರ್ ಪ್ಲಗ್ ಎಂಬ ಚಿಕ್ಕ ತುಂಡು ಅದನ್ನು ಎಬ್ಬಿಸುತ್ತದೆ. ತಂತಿ ಬಗ್ಗಿಸಿ ಹಸಿರು, ಕಪ್ಪು ವೈರುಗಳ ತೂತಿಗೆ ಸೇರಿಸುವ ರೂಢಿಯೂ ಇದೆ. ಆದರೆ ನೀರು ಚೆಲ್ಲುವ ಸಾಧ್ಯತೆಯಿರುವ ಕಡೆ ಬರಿ ತಂತಿಗಿಂತ ಪ್ಲಗ್ ಎಷ್ಟೋ ಮೇಲು. ಎಲ್ಲ ಫಿಟ್ಟಿಂಗುಗಳ ಕೆಳಗೂ ಬಿಳಿ ಟಿಶ್ಯೂ ಕಾಗದ ಹಾಸಿ. ಒಂದು ಹನಿ ಬಿದ್ದರೂ ಕಲೆ ಕಾಣುತ್ತದೆ.

ರಿಸರ್ವಾಯರ್ ತುಂಬಿಸಿ. ಪಂಪಿನ ಹೊಟ್ಟೆಗೆ ನೀರು ತಾನಾಗಿ ಇಳಿಯಲು ಅರೆಗಳಿಗೆ ಬಿಡಿ. ಆಮೇಲೆ ಪವರ್ ಸಪ್ಲೈನ ಸ್ವಿಚ್ ಒತ್ತಿ, ಕಣ್ಣು ರಿಸರ್ವಾಯರಿನ ಮೇಲಿರಲಿ, ಕೈ ಸ್ವಿಚ್ಚಿನ ಮೇಲಿರಲಿ. ನೀರಿನ ಮಟ್ಟ ಸರ್ರನೆ ಇಳಿಯುತ್ತದೆ. ಕೆಲವೇ ಸೆಕೆಂಡುಗಳ ಮಾತು. ತಳ ಕಾಣುವ ಮೊದಲೇ ನಿಲ್ಲಿಸಿ, ಮತ್ತೆ ತುಂಬಿಸಿ, ಮತ್ತೆ ಒತ್ತಿ. ಲೂಪ್ ತುಂಬಿ ನೀರು ರಿಸರ್ವಾಯರಿಗೆ ಮರಳಿ ಬರುವವರೆಗೆ ಹೀಗೆಯೇ. ಇಲ್ಲಿ ಅವಸರ ಮಾಡಿ ಪಂಪಿನ ಬಾಯಿಗೆ ಗಾಳಿ ಬಿಟ್ಟರೆ ಹೊರಗೆ ಕಳಿಸಬೇಕಾದದ್ದನ್ನೇ ಒಳಗೆ ಅರೆದು ತುಂಬಿದಂತೆ.

ಸ್ವಿಚ್ ಒತ್ತಿದಾಗ ಪಂಪಿನಿಂದ ಕೀರಲು ಸದ್ದು ಬಂದು ನೀರು ಕದಲದಿದ್ದರೆ, ಅದರೊಳಗೆ ಗಾಳಿ ಹಿಡಿದಿದೆ. ಕೂಡಲೇ ನಿಲ್ಲಿಸಿ, ಗುಳ್ಳೆ ಪಂಪಿನಿಂದ ರಿಸರ್ವಾಯರಿನತ್ತ ಏರುವಂತೆ ಕ್ಯಾಬಿನೆಟ್ಟನ್ನು ಮೆಲ್ಲಗೆ ಅತ್ತಿತ್ತ ಓಲಾಡಿಸಿ, ಆಮೇಲೆ ಮತ್ತೆ ಪ್ರಯತ್ನಿಸಿ.

ಶುರುವಿನಲ್ಲಿ ಪಂಪ್ ಏದುಸಿರು ಬಿಡುವಂತೆ ಕಾಣುವುದಕ್ಕೆ ಒಂದು ಕಾರಣವಿದೆ. ಪೂರ್ತಿ ತುಂಬಿದ ಲೂಪಿನಲ್ಲಿ ಒಂದು ಕಡೆ ನೀರು ಏರುತ್ತಿದ್ದರೆ ಇನ್ನೊಂದು ಕಡೆ ಅಷ್ಟೇ ನೀರು ಇಳಿಯುತ್ತಾ ಅದರ ಭಾರವನ್ನು ಸರಿದೂಗಿಸುತ್ತದೆ. ಆಗ ಪಂಪ್ ಹೊರಬೇಕಾದದ್ದು ತಿಕ್ಕಾಟವನ್ನು ಮಾತ್ರ. ಇಳಿಯುವ ಕಡೆ ಗಾಳಿ ತುಂಬಿದ್ದರೆ ಆ ಸಮತೂಕ ಇರುವುದಿಲ್ಲ, ಏರುವ ನೀರಿನ ಭಾರವೆಲ್ಲ ಪಂಪಿನ ತಲೆಯ ಮೇಲೆ. ಗಾಳಿ ಹೊರಬೀಳುತ್ತಿದ್ದಂತೆ ಹರಿವು ತಾನಾಗಿ ಚುರುಕಾಗುವುದನ್ನು ಕಣ್ಣಾರೆ ನೋಡಬಹುದು.

## ವಾಲಿಸುವುದಕ್ಕೂ ಒಂದು ಲೆಕ್ಕವಿದೆ

ಕ್ಯಾಬಿನೆಟ್ಟನ್ನು ಹೇಗೆಂದರೆ ಹಾಗೆ ಕುಲುಕುವುದರಿಂದ ಪ್ರಯೋಜನ ಕಡಿಮೆ. ಗಾಳಿ ಎಲ್ಲಿ ಕೂತಿದೆ, ಅದಕ್ಕೆ ಹತ್ತಿರದ ಹೊರಬಾಗಿಲು ಯಾವುದು, ಆ ಬಾಗಿಲು ಗಾಳಿಗಿಂತ ಎತ್ತರಕ್ಕೆ ಬರಬೇಕಾದರೆ ಯಾವ ಕಡೆ ವಾಲಿಸಬೇಕು: ಈ ಮೂರನ್ನು ಮೊದಲು ಕೇಳಿಕೊಳ್ಳಿ. ಮೇಲ್ಛಾವಣಿಗೆ ಅಡ್ಡಲಾಗಿ ಕೂರಿಸಿದ ರೇಡಿಯೇಟರಿನ ಟ್ಯೂಬುಗಳು ಕ್ಯಾಬಿನೆಟ್ಟಿನ ಹಿಂಬದಿಯಲ್ಲಿದ್ದರೆ, ಹಿಂಬದಿಯನ್ನು ಎತ್ತಬೇಕು. ಆಗ ರೇಡಿಯೇಟರಿನ ಉದ್ದಕ್ಕೂ ಹರಡಿದ್ದ ಗಾಳಿ ಟ್ಯೂಬಿನ ಬಳಿಯ ತೊಟ್ಟಿಗೆ ಬಂದು ಸೇರುತ್ತದೆ. ಆ ಭಂಗಿಯಲ್ಲೇ ಹಿಡಿದು ಪಂಪನ್ನು ನಿಲ್ಲಿಸಿ, ಕೆಲವು ಸೆಕೆಂಡು ಬಿಟ್ಟು ಒಮ್ಮೆಲೇ ಚಾಲೂ ಮಾಡಿ. ಗುಡುಗುಡು ಸದ್ದಿನೊಂದಿಗೆ ದಪ್ಪ ಗುಳ್ಳೆಗಳ ಮೆರವಣಿಗೆಯೇ ಟ್ಯೂಬಿನಲ್ಲಿ ಇಳಿದು ಬರುತ್ತದೆ. ಅವು ರಿಸರ್ವಾಯರಿಗೆ ಬಂದು ಒಡೆಯುತ್ತಿದ್ದಂತೆ ನೀರಿನ ಮಟ್ಟ ಇಳಿಯುತ್ತದೆ. ಇಳಿದಷ್ಟು ನೀರು ರೇಡಿಯೇಟರಿನೊಳಗೆ ಗಾಳಿ ಖಾಲಿ ಮಾಡಿದ ಜಾಗಕ್ಕೆ ಹೋಗಿದೆ.

ವಾಲಿಸುವಾಗ ರಿಸರ್ವಾಯರಿನ ಮುಚ್ಚಳ ಬಿಗಿಯಾಗಿರಲಿ, ಪಂಪಿಗೆ ನೀರು ಹೋಗುವ ತೂತು ಯಾವ ಭಂಗಿಯಲ್ಲೂ ನೀರಿನಿಂದ ಮೇಲೆ ಬರದಿರಲಿ. ಗಾಜಿನ ಬಾಗಿಲನ್ನು ಮೊದಲೇ ಕಳಚಿ ದೂರ ಇಡಿ. ನೀರು ತುಂಬಿದ ದೊಡ್ಡ ಕ್ಯಾಬಿನೆಟ್ಟಾದರೆ ಇನ್ನೊಬ್ಬರ ಕೈ ಬೇಕೇ ಬೇಕು. ಕ್ಯಾಬಿನೆಟ್ ನೇರವಾಗಿ ನಿಂತ ಮೇಲೆ ಮುಚ್ಚಳವನ್ನು ತುಸು ಸಡಿಲಿಸಿ, ಸೇರಿದ ಗಾಳಿ ಹೊರಹೋಗಲಿ.

ಕೆಲವು ರೇಡಿಯೇಟರುಗಳ ಇನ್ನೊಂದು ತುದಿಯಲ್ಲಿ ಗಾಳಿ ಬಿಡಲೆಂದೇ ತಿರುಪಿನ ಬಿರಟೆ ಇರುತ್ತದೆ. ಇದು ಉಪಯೋಗದ್ದೇ, ಆದರೆ ರಿಸರ್ವಾಯರ್ ಅದಕ್ಕಿಂತ ಕೆಳಗಿದ್ದರೆ ಎಚ್ಚರ. ಮೇಲಿನ ನೀರು ಅಲ್ಲಿ ನಿಂತಿರುವುದೇ ಹೊರಗಿನ ಗಾಳಿ ಒಳಬರಲು ದಾರಿ ಇಲ್ಲದ್ದರಿಂದ. ಪಂಪ್ ನಿಂತಿರುವಾಗ ಬಿರಟೆ ತೆಗೆದರೆ ಗಾಳಿ ಹೊರಬರುವ ಬದಲು ಒಳನುಗ್ಗುತ್ತದೆ, ನೀರು ಕೆಳಗೆ ಜಾರಿ ರಿಸರ್ವಾಯರಿನ ಬಾಯಿಂದ ಉಕ್ಕಬಹುದು. ರಿಸರ್ವಾಯರೇ ಲೂಪಿನ ಅತ್ಯಂತ ಎತ್ತರದ ಜಾಗವಾಗಿದ್ದರೆ ಈ ತಾಪತ್ರಯವೇ ಇಲ್ಲ. ಜೋಡಿಸುವ ಮೊದಲೇ ಇದನ್ನು ಯೋಚಿಸುವುದು ಆಮೇಲಿನ ಎಷ್ಟೋ ಹೊತ್ತಿನ ಓಲಾಟವನ್ನು ಉಳಿಸುತ್ತದೆ. ರೇಡಿಯೇಟರನ್ನು ನಿಲ್ಲಿಸಿ ಕೂರಿಸುವುದಾದರೆ ಜಾಗ ಇರುವಲ್ಲೆಲ್ಲ ಟ್ಯೂಬಿನ ಬಾಯಿಗಳನ್ನು ಮೇಲಕ್ಕೆ ಇಡುವುದೂ ಇದೇ ಕಾರಣಕ್ಕೆ ಒಳ್ಳೆಯದು.

## ಆಮೇಲಿನ ಗಂಟೆಗಳು, ದಿನಗಳು

ದೊಡ್ಡ ಗಾಳಿ ಹೋದ ಮೇಲೆ ಪಂಪನ್ನು ಬಹಳ ಹೊತ್ತು ಓಡಲು ಬಿಡಿ. ಲೀಕ್ ಪರೀಕ್ಷೆಗೆಂದು 24 ಗಂಟೆ ಹೀಗೆ ಓಡಿಸುವ ವಾಡಿಕೆ ಹಳೆಯದು. ಬ್ಲೀಡಿಂಗಿಗೂ ಅದೇ ಸಮಯ ಒದಗಿಬರುತ್ತದೆ. ನಡುನಡುವೆ ಪಂಪ್ ನಿಲ್ಲಿಸಿ ಕಾಲು ಗಂಟೆ ಸುಮ್ಮನಿರಿ. ಆಗ ಸಣ್ಣ ಗುಳ್ಳೆಗಳು ಟ್ಯೂಬಿನ ನೆತ್ತಿಗೆ ಏರಿ ಒಂದಾಗುತ್ತವೆ, ಮತ್ತೆ ಚಾಲೂ ಮಾಡಿದಾಗ ದೊಡ್ಡ ಗುಳ್ಳೆಯಾಗಿ ರಿಸರ್ವಾಯರಿಗೆ ಬಂದು ಬೀಳುತ್ತವೆ. ಟ್ಯೂಬಿನ ಗೋಡೆಗೆ ಅಂಟಿದ್ದನ್ನು ಬೆರಳಿನಿಂದ ಹೊರಗಿನಿಂದಲೇ ತಟ್ಟಿ ಬಿಡಿಸಬಹುದು.

ಮದರ್‌ಬೋರ್ಡಿಗೆ ಸಂಪರ್ಕ ಕೊಟ್ಟ ಮೇಲೆ ಪಂಪಿನ ವೇಗ ನಿಮ್ಮ ಹಿಡಿತಕ್ಕೆ ಬರುತ್ತದೆ. ಒಂದಷ್ಟು ಹೊತ್ತು ಪೂರ್ತಿ ವೇಗ, ಒಂದಷ್ಟು ಹೊತ್ತು ಕಡಿಮೆ ವೇಗ, ಹೀಗೆ ಬದಲಿಸುತ್ತಿರಿ. ಕಂಪ್ಯೂಟರಿಗೆ ಭಾರದ ಕೆಲಸ ಕೊಟ್ಟು ನೀರು ಬಿಸಿಯಾಗಲು ಬಿಟ್ಟರೆ ಕರಗಿದ ಗಾಳಿಯೂ ಬೇಗ ಹೊರಬರುತ್ತದೆ. ಪೂರ್ತಿ ತಿಳಿಯಾಗಲು ಕೆಲವು ದಿನ, ಸಂಕೀರ್ಣ ಲೂಪುಗಳಲ್ಲಿ ಒಂದೆರಡು ವಾರವೇ ಹಿಡಿಯುವುದು ಅಸಹಜವಲ್ಲ. ಉಷ್ಣಾಂಶ ಸ್ಥಿರವಾಗಿದ್ದು, ಪಂಪ್ ಸದ್ದಿಲ್ಲದೆ ತಿರುಗುತ್ತಿದ್ದರೆ, ಅಷ್ಟು ದಿನ ಕಂಪ್ಯೂಟರ್ ಬಳಸದೆ ಕಾಯಬೇಕಾಗಿಲ್ಲ.

## ಹಾಲಿನಂತೆ ಬೆಳ್ಳಗಾದ ನೀರು ಮತ್ತು ನೊರೆ

ಎರಡನ್ನೂ ಒಂದೇ ಎಂದುಕೊಳ್ಳುವುದುಂಟು, ಆದರೆ ಇವು ಬೇರೆ ಬೇರೆ. ಪಂಪಿನ ಚಕ್ರ ದೊಡ್ಡ ಗುಳ್ಳೆಯನ್ನು ಕತ್ತರಿಸಿ ಸಾವಿರಾರು ಚೂರು ಮಾಡಿದಾಗ ನೀರು ಮಬ್ಬಾಗುತ್ತದೆ. ಪಂಪ್ ನಿಲ್ಲಿಸಿ ನೋಡಿ: ರಿಸರ್ವಾಯರಿನ ತಳದಿಂದ ಮೇಲಕ್ಕೆ, ಪರದೆ ಎತ್ತಿದ ಹಾಗೆ, ನೀರು ತಿಳಿಯಾಗುತ್ತಾ ಹೋದರೆ ಅದು ಗುಳ್ಳೆಗಳ ಮಬ್ಬು. ಸಮಯ ಕೊಟ್ಟರೆ ಹೋಗುತ್ತದೆ.

ನೊರೆ ಹಾಗಲ್ಲ. ನೀರಿನ ಮೇಲೆ ಗುಳ್ಳೆಗಳು ಒಡೆಯದೆ ಪದರವಾಗಿ ನಿಂತಿದ್ದರೆ, ನೀರಿನಲ್ಲಿ ಗುಳ್ಳೆಯ ಗೋಡೆಯನ್ನು ಗಟ್ಟಿಮಾಡುವ ಏನೋ ಸೇರಿದೆ. ತೊಳೆಯುವಾಗ ಉಳಿದ ಸೋಪಿನ ಅಂಶ, ಹೊಸ ರೇಡಿಯೇಟರಿನೊಳಗೆ ತಯಾರಿಕೆಯ ವೇಳೆ ಉಳಿದ ಕೊಳೆ, ಅಥವಾ ಎರಡು ಬಗೆಯ ಕೂಲಂಟುಗಳ ಬೆರಕೆ ಇದಕ್ಕೆ ಕಾರಣವಾಗಬಹುದು. ನೊರೆ ಮತ್ತೆ ಮತ್ತೆ ಪಂಪಿನ ಬಾಯಿಗೆ ಹೋಗುತ್ತದೆ, ಎಷ್ಟು ಓಲಾಡಿಸಿದರೂ ತಗ್ಗುವುದಿಲ್ಲ. ಪೂರ್ತಿ ಖಾಲಿ ಮಾಡಿ, ಡಿಸ್ಟಿಲ್ಡ್ ವಾಟರಿನಲ್ಲಿ ಹಲವು ಸಲ ತೊಳೆದು, ಹೊಸ ಕೂಲಂಟ್ ತುಂಬುವುದೇ ಸರಿಯಾದ ದಾರಿ. ನೊರೆ ಅಡಗಲಿ ಎಂದು ಎಣ್ಣೆಯನ್ನೋ ಇನ್ನೇನನ್ನೋ ಸುರಿಯಬೇಡಿ. ಅದು ಸೀಲುಗಳನ್ನೂ ಟ್ಯೂಬನ್ನೂ ಹಾಳುಮಾಡಬಲ್ಲದು.

## ಗಾಳಿ ಇನ್ನೂ ಉಳಿದಿದೆಯೇ? ಒಂದು ಸರಳ ಪರೀಕ್ಷೆ

ನೀರನ್ನು ಒತ್ತಿ ಕುಗ್ಗಿಸಲಾಗದು, ಗಾಳಿಯನ್ನು ಕುಗ್ಗಿಸಬಹುದು. ಪರೀಕ್ಷೆ ನಿಂತಿರುವುದು ಈ ಒಂದು ವ್ಯತ್ಯಾಸದ ಮೇಲೆ. ರಿಸರ್ವಾಯರಿನ ಮುಚ್ಚಳ ಸಡಿಲಿಸಿ, ಪಂಪ್ ಓಡುತ್ತಿರುವಾಗ ನೀರಿನ ಮಟ್ಟಕ್ಕೆ ಸರಿಯಾಗಿ ಹೊರಗಡೆ ಒಂದು ಟೇಪಿನ ತುಂಡು ಅಂಟಿಸಿ. ಈಗ ಪಂಪ್ ನಿಲ್ಲಿಸಿ. ಲೂಪಿನಲ್ಲಿ ಗಾಳಿ ಉಳಿದಿದ್ದರೆ, ಪಂಪಿನ ಒತ್ತಡದಿಂದ ಕುಗ್ಗಿದ್ದ ಅದು ಹಿಗ್ಗುತ್ತದೆ, ಹಿಗ್ಗಿದಷ್ಟು ನೀರು ರಿಸರ್ವಾಯರಿಗೆ ಬರುತ್ತದೆ, ಮಟ್ಟ ಟೇಪಿಗಿಂತ ಮೇಲೇರುತ್ತದೆ. ಪಂಪ್ 0.2 ಬಾರ್ ಒತ್ತಡ ಕೊಡುವ ಜಾಗದಲ್ಲಿ 50 ಮಿಲಿಲೀಟರ್ ಗಾಳಿ ಸಿಕ್ಕಿಕೊಂಡಿದ್ದರೆ ಸುಮಾರು 8 ಮಿಲಿಲೀಟರಿನಷ್ಟು ವ್ಯತ್ಯಾಸ ಬರುತ್ತದೆ. 60 ಮಿಲಿಮೀಟರ್ ವ್ಯಾಸದ ರಿಸರ್ವಾಯರಿನಲ್ಲಿ ಅದು ಸುಮಾರು 3 ಮಿಲಿಮೀಟರ್ ಏರಿಕೆ, ಬರಿಗಣ್ಣಿಗೆ ಚೆನ್ನಾಗಿಯೇ ಕಾಣುತ್ತದೆ. ಮಟ್ಟ ಕದಲದಿದ್ದರೆ ದೊಡ್ಡ ಗಾಳಿಯೇನೂ ಉಳಿದಿಲ್ಲ ಎಂದರ್ಥ.

ಉಳಿದ ಸುಳಿವುಗಳು ಕಿವಿಗೆ ಬೀಳುವಂಥವು. ರೇಡಿಯೇಟರಿನೊಳಗೆ ತೊರೆ ಹರಿದಂಥ ಸದ್ದು ಬರುತ್ತಿದ್ದರೆ ಅಲ್ಲಿ ಅರ್ಧ ನೀರು, ಅರ್ಧ ಗಾಳಿ. ಪಂಪಿನಿಂದ ಆಗಾಗ ಕರಕರ ಬಂದು ನಿಂತರೆ ಗುಳ್ಳೆಗಳು ಇನ್ನೂ ಅದರ ಮೂಲಕ ಹಾಯುತ್ತಿವೆ. ಒಂದೇ ಭಾರದ ಕೆಲಸದಲ್ಲೂ ಚಿಪ್ಪಿನ ಉಷ್ಣಾಂಶ ಏರಿಳಿಯುತ್ತಿದ್ದರೆ ಬ್ಲಾಕಿನೊಳಗೆ ಗುಳ್ಳೆ ಬಂದು ಹೋಗುತ್ತಿರಬಹುದು.

## ಸೀಲ್ ಆಗಿ ಬರುವ ಕೂಲರುಗಳಲ್ಲಿ

ಕಾರ್ಖಾನೆಯಲ್ಲೇ ನೀರು ತುಂಬಿ ಮುಚ್ಚಿದ, ಎಐಒ ಎಂದು ಕರೆಯುವ ಕೂಲರುಗಳಲ್ಲಿ ಬ್ಲೀಡಿಂಗ್ ಮಾಡುವ ಅವಕಾಶವಿಲ್ಲ. ಅವುಗಳಲ್ಲೂ ಒಂದಿಷ್ಟು ಗಾಳಿ ಇದ್ದೇ ಇರುತ್ತದೆ. ಹೊರಗೆ ಕಳಿಸಲಾಗದ ಗಾಳಿಯನ್ನು ಕೇಡು ಮಾಡದ ಕಡೆ ಕೂರಿಸುವುದಷ್ಟೇ ನಮ್ಮ ಕೈಲಿರುವುದು. ಬಹುತೇಕ ಮಾದರಿಗಳಲ್ಲಿ ಪಂಪ್ ಇರುವುದು ಸಿಪಿಯು ಮೇಲಿನ ಬ್ಲಾಕಿನಲ್ಲಿ. ರೇಡಿಯೇಟರಿನ ಮೇಲ್ತುದಿ ಪಂಪಿಗಿಂತ ಎತ್ತರದಲ್ಲಿದ್ದರೆ ಗಾಳಿ ಅಲ್ಲಿಗೆ ಹೋಗಿ ತಣ್ಣಗೆ ಕೂರುತ್ತದೆ. ಕ್ಯಾಬಿನೆಟ್ಟಿನ ಮೇಲ್ಛಾವಣಿ ಇದಕ್ಕೆ ಅತ್ಯುತ್ತಮ ಜಾಗ. ಮುಂಭಾಗದಲ್ಲಿ ನಿಲ್ಲಿಸಿದರೂ ಅದರ ತಲೆ ಪಂಪಿಗಿಂತ ಮೇಲಿದ್ದರೆ ಸಾಕು. ರೇಡಿಯೇಟರನ್ನು ಕ್ಯಾಬಿನೆಟ್ಟಿನ ತಳಕ್ಕೆ ಹಾಕಿದರೆ ಎಲ್ಲಕ್ಕಿಂತ ಎತ್ತರದ ಜಾಗ ಪಂಪೇ ಆಗುತ್ತದೆ, ಗಾಳಿಯೆಲ್ಲ ಅದರೊಳಗೇ ಸೇರುತ್ತದೆ. ಹೊಸದರಲ್ಲಿ ಕೆಲವು ಗಂಟೆ ಗುಳುಗುಳು ಕೇಳಿ ನಿಂತುಹೋದರೆ ಚಿಂತೆಯಿಲ್ಲ. ನಿಲ್ಲದಿದ್ದರೆ ಕೂರಿಸಿರುವ ಜಾಗವನ್ನು ಮೊದಲು ನೋಡಿ.

## ಕೊನೆಗೆ ಎಷ್ಟು ಗಾಳಿ ಉಳಿಸಬೇಕು?

ರಿಸರ್ವಾಯರಿನ ನೆತ್ತಿಯಲ್ಲಿ ಸ್ವಲ್ಪ ಗಾಳಿ ಬೇಕೇ ಬೇಕು. ನೀರು 20 ಡಿಗ್ರಿಯಿಂದ 40 ಡಿಗ್ರಿಗೆ ಏರುವಾಗ ಲೀಟರಿಗೆ ಸುಮಾರು 6 ಮಿಲಿಲೀಟರ್ ಹಿಗ್ಗುತ್ತದೆ. ಕುಗ್ಗಬಲ್ಲ ಗಾಳಿ ಎಲ್ಲೂ ಇಲ್ಲದೆ ಅಂಚಿನವರೆಗೆ ನೀರೇ ತುಂಬಿದ್ದರೆ, ಹಿಗ್ಗಿದ ನೀರು ಫಿಟ್ಟಿಂಗುಗಳ ರಬ್ಬರ್ ಉಂಗುರಗಳ ಮೇಲೆ ಒತ್ತಡ ಹಾಕುತ್ತದೆ. ಒಂದೆರಡು ಸೆಂಟಿಮೀಟರ್ ಗಾಳಿ ಬಿಟ್ಟು, ಮರಳುವ ನೀರಿನ ಬಾಯಿ ಮುಳುಗಿರುವಷ್ಟು ತುಂಬಿ, ಮುಚ್ಚಳ ಬಿಗಿದು, ಆ ಮಟ್ಟಕ್ಕೆ ಟೇಪಿನ ಗುರುತು ಹಾಕಿಡಿ.

ಮೊದಲ ವಾರಗಳಲ್ಲಿ ಗುರುತಿಗಿಂತ ಮಟ್ಟ ಇಳಿಯುತ್ತದೆ, ಹೊರಬಿದ್ದ ಗಾಳಿಯ ಜಾಗವನ್ನು ನೀರು ತುಂಬಿಕೊಂಡದ್ದರ ಲೆಕ್ಕ ಅದು. ಅಷ್ಟನ್ನು ಮತ್ತೆ ತುಂಬಿಸಿ. ಆಮೇಲೂ ಟ್ಯೂಬಿನ ಗೋಡೆಯ ಮೂಲಕ ನೀರಿನ ಆವಿ ಬಹಳ ನಿಧಾನವಾಗಿ ಹೊರಹೋಗುತ್ತಿರುವುದರಿಂದ, ಹಲವು ತಿಂಗಳಿಗೊಮ್ಮೆ ತುಸು ಸೇರಿಸಬೇಕಾಗಬಹುದು. ಗುಳ್ಳೆಗಳೆಲ್ಲ ಹೋಗಿ ಲೂಪ್ ತಿಳಿಯಾದ ಮೇಲೂ ವಾರವಾರಕ್ಕೆ ಕಣ್ಣಿಗೆ ಕಾಣುವಷ್ಟು ಮಟ್ಟ ಇಳಿಯುತ್ತಿದ್ದರೆ ಅದು ಗಾಳಿಯ ಕೆಲಸವಲ್ಲ. ಕಂಪ್ಯೂಟರ್ ಆಫ್ ಮಾಡಿ, ಟಿಶ್ಯೂ ಕಾಗದ ಹಿಡಿದು ಒಂದೊಂದು ಫಿಟ್ಟಿಂಗನ್ನೂ ಒರೆಸಿ ನೋಡಬೇಕು.